ಅರಿಶಿನದ ಪೊಟ್ಟಣ ಹಿಡಿದು ಮಷಿನ್ ನೋಡಲು ಹೋದದ್ದು

ನಮ್ಮ ಮಾವನವರು ಮಷಿನ್ ನೋಡಲು ಹೊರಟರೆಂದರೆ ಹೆಣ್ಣು ನೋಡಲು ಹೊರಟ ಗತ್ತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಒಂದು ಪೊಟ್ಟಣ ಅರಿಶಿನ. ನನ್ನನ್ನು ನೋಡಲು ಬಂದಾಗ ಸಹ ಅವರು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಚಕ್ಕುಲಿ ತಿಂದು, ಕಾಫಿ ಕುಡಿದು, "ಹುಡ್ಗಿ ಕಂಪ್ಯೂಟ್ರು ಒತ್ತತಾಳಂತೆ, ಆಯ್ತು ಬುಡಿ" ಎಂದು ಎದ್ದುಬಿಟ್ಟಿದ್ದರು. ಮಷಿನ್ನಿನ ವಿಚಾರದಲ್ಲಿ ಮಾತ್ರ ಯಾವ ಸಂಬಂಧವೂ ಅವರಿಗೆ ಹಿಡಿಸುತ್ತಿರಲಿಲ್ಲ.

ನಮ್ಮದು ರಾಮನಗರದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿದ್ದ ಉದ್ದನೆಯ ಒಂದೇ ಕೋಣೆಯ ಪ್ರೆಸ್ಸು. ಬಾಗಿಲಲ್ಲಿ ಕೌಂಟರು, ಅದರ ಹಿಂದೆ ನನ್ನ ಕಂಪ್ಯೂಟರು, ಒಳಗಡೆ ಅರ್ಧ ಜಾಗವನ್ನು ನುಂಗಿಕೊಂಡು ಮಾವನವರ ಟ್ರೆಡಲ್. ಸೀಸದ ಅಕ್ಷರದ ಮೊಳೆ ಜೋಡಿಸಿ, ಕಾಲಲ್ಲಿ ತುಳಿದು, ಒಂದೊಂದೇ ಹಾಳೆ ಕೈಯಿಂದ ಇಟ್ಟು ತೆಗೆಯುವ ಹಳೇ ಅಚ್ಚಿನ ಯಂತ್ರ. ಮದುವೆ ಕಾಗದ, ರಸೀದಿ ಪುಸ್ತಕ, ತಿಥಿ ಕಾರ್ಡು ಎಲ್ಲವನ್ನೂ ಅದು ಮಾಡಿತ್ತು. ನನ್ನ ಗಂಡ ಹುಟ್ಟಿದಾಗ ನಾಮಕರಣದ ಕಾಗದವನ್ನೂ ಅದರಲ್ಲೇ ಹೊಡೆದರಂತೆ.

ಆದರೆ ಕಾಲ ಬದಲಾಗಿತ್ತು. ಬಿಡದಿ ಕಡೆ ಸಾಲಾಗಿ ಫ್ಯಾಕ್ಟರಿಗಳು ಎದ್ದಿದ್ದವು. ಅವರಿಗೆ ಬಣ್ಣಬಣ್ಣದ ಸ್ಟಿಕ್ಕರು ಬೇಕು, ಕ್ಯಾಂಟೀನ್ ಕೂಪನ್ ಬೇಕು, ಅದೂ ಸ್ವಲ್ಪ ಸ್ವಲ್ಪ, ಅದೂ ಇವತ್ತೇ. ಚನ್ನಪಟ್ಟಣದ ಬೊಂಬೆ ಸಾಬರು ಬಂದು, "ಬೆಹೆನ್, ಒಂದೊಂದು ಬೊಂಬೆಗೂ ಒಂದೊಂದು ಲೇಬಲ್ಲು, ಕಲರ್ ಬೇಕು, ಜಾಸ್ತಿ ಬೇಡ" ಎನ್ನುತ್ತಿದ್ದರು. ನಾವು ಡಿಸೈನ್ ಮಾಡಿ ಸೀಡಿಗೆ ಹಾಕಿ ಬೆಂಗಳೂರಿಗೆ ಕಳಿಸುವುದು, ಅಲ್ಲಿಯವರು ತಮಗೆ ಬಿಡುವಾದಾಗ ಹೊಡೆದು ಕೊಡುವುದು, ಬಯ್ಗುಳ ನಾವು ತಿನ್ನುವುದು! ಕಂಪ್ಯೂಟರಿನಿಂದ ನೇರವಾಗಿ ಬಣ್ಣದಲ್ಲಿ ಹೊಡೆಯುವ ಡಿಜಿಟಲ್ ಪ್ರೆಸ್ ನಮ್ಮಲ್ಲಿಗೇ ಬರದಿದ್ದರೆ ಅಂಗಡಿ ಮುಚ್ಚಿ ಕಡಲೆಕಾಯಿ ಮಾರುವುದೇ ಗತಿ ಎಂದು ನಾನು ದಿನಾ ಹೇಳುತ್ತಿದ್ದೆ. ನನ್ನ ಗಂಡ ಹೂಂ ಅನ್ನುತ್ತಿದ್ದರು. ಅವರು ಎಲ್ಲದಕ್ಕೂ ಹೂಂ ಅನ್ನುವವರೇ.

ತೊಡಕು ಜಾಗದ್ದು. ಹೊಸ ಯಂತ್ರಕ್ಕೆ ಧೂಳು ಆಗದು, ಸೆಖೆ ಆಗದು, ಸುತ್ತ ಗಾಜಿನ ಗೋಡೆ ಕಟ್ಟಿ ಏಸಿ ಹಾಕಬೇಕು. ಹಾಗಾದರೆ ಟ್ರೆಡಲ್ ಗುಜರಿಗೆ. ಟ್ರೆಡಲ್ ಹೋದರೆ ಮಾವನವರೂ ಮನೆಗೆ. ಅವರು ಕಂಪ್ಯೂಟರ್ ಮುಟ್ಟುವವರಲ್ಲ, ಕೌಂಟರಿನಲ್ಲಿ ಕೂರಿಸಿದರೆ ಗಿರಾಕಿಯ ಕನ್ನಡ ತಿದ್ದಿ ಜಗಳ ತೆಗೆಯುವವರು. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಬೇಡ ಅಂತ ನಾನೆಲ್ಲಿ ಅಂದೆ? ತಕ್ಕಳಿ" ಎಂದರು ಮಾವ. "ಆದ್ರೆ ನಾನು ನೋಡಿ ಒಪ್ಪಬೇಕು. ನಮ್ಮ ಜನದ ಮದ್ವೆ ಕಾಗ್ದ ತಡ್ಕಳೋ ಮಿಷನ್ ಆಗಿರ್ಬೇಕು, ಅಷ್ಟೆಯ."

ಅಷ್ಟೆಯ ಅಂತೆ! ನಮ್ಮ ಕಡೆ ಮದುವೆ ಕಾಗದ ಪ್ರೆಸ್ಸಿನಿಂದ ಹೊರಬಿದ್ದ ಮೇಲೆ ಪಡುವ ಪಾಡು ಹೇಳತೀರದು. ನಾಲ್ಕು ಮೂಲೆಗೂ ಒದ್ದೆ ಅರಿಶಿನ ಹಚ್ಚಬೇಕು. ಮೊದಲ ಕಾಗದ ದೇವರ ಮುಂದೆ ಇಟ್ಟು ಕುಂಕುಮ ಏರಿಸಬೇಕು. ಉಳಿದವನ್ನು ಮದುವೆ ಯಜಮಾನ ಬೆವರಿದ ಅಂಗಿಯ ಜೇಬಿನಲ್ಲಿ ತುರುಕಿಕೊಂಡು ಕನಕಪುರ, ಮಾಗಡಿ ಅಂತ ಬಸ್ಸು ಬಸ್ಸು ಹತ್ತಿ ಹಂಚಬೇಕು. ಮಾವನವರ ಪರೀಕ್ಷೆ ಇದರ ಮೇಲೆಯೇ.

ನಾವು ಮೂವರೂ ಹೋಗಿ ಮೊದಲು ನೋಡಿದ್ದು ಬೆಂಗಳೂರಿನ ಒಂದು ದೊಡ್ಡ ಷೋರೂಮು. ಟೈ ಕಟ್ಟಿದ ಹುಡುಗ ನಮಗೆ ಮೆತ್ತನೆಯ ಕುರ್ಚಿ ಕೊಟ್ಟು, ಗಾಜಿನ ಲೋಟದಲ್ಲಿ ನೀರು ಕೊಟ್ಟು, ಮದುಮಗಳ ಚಿತ್ರ ಇರುವ ಸ್ಯಾಂಪಲ್ ಹೊಡೆದು ತೋರಿಸಿದ. ಅಬ್ಬಬ್ಬಾ, ಏನು ಬಣ್ಣ! ಮಾವ ತಲೆದೂಗಿದರು. ಆಮೇಲೆ ಜೇಬಿನಿಂದ ಪೊಟ್ಟಣ ಬಿಚ್ಚಿ, ಆ ಗಾಜಿನ ಲೋಟಕ್ಕೇ ಬೆರಳು ಅದ್ದಿ, ಅರಿಶಿನ ಕಲಸಿದರು.

"ಅಂಕಲ್, ಏನದು?" ಹುಡುಗ ಗಾಬರಿಯಾದ.

"ಅರಿಸ್ನ ಕಣಪ್ಪ. ನಿಮ್ಮನೇಲಿ ಇಲ್ವಾ?"

ಮೂಲೆಗೆ ಹಚ್ಚಿದ ಅರಿಶಿನದ ನೀರು ಜಾರಿ ಚಿತ್ರದ ಮೇಲೆ ಹರಿಯಿತು. ಅದು ಶಾಯಿ ಸಿಂಪಡಿಸುವ ಜಾತಿಯ ಯಂತ್ರ. ಮದುಮಗಳ ಕಣ್ಣಿನ ಕಪ್ಪೆಲ್ಲ ಕರಗಿ ಕೆನ್ನೆಗಿಳಿಯಿತು.

"ತಾಳಿ ಕಟ್ಟಕ್ಮುಂಚೇನೆ ಅಳ್ತಾವ್ಳಲ್ಲಪ್ಪ ಈ ಹೆಣ್ಣು!" ಎಂದು ಮಾವ ಟವೆಲ್ಲಿಗೆ ಬೆರಳು ಒರೆಸಿ ಎದ್ದರು. ನನಗೆ ನಾಚಿಕೆಯೂ ಆಯಿತು, ನಗುವೂ ತಡೆಯಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಎರಡನೆಯ ಕಡೆ ಇನ್ನೂ ಘನವಾದ ಕೆಲಸ ಮಾಡಿದರು. ಅಲ್ಲಿಯದು ಪುಡಿ ಬಣ್ಣವನ್ನು ಕಾಗದಕ್ಕೆ ಬಿಸಿಯಲ್ಲಿ ಅಂಟಿಸುವ ಯಂತ್ರ. ಅರಿಶಿನಕ್ಕೆ ಜಗ್ಗಲಿಲ್ಲ. ಮಾವ ಸುಮ್ಮನಾಗುತ್ತಾರೆ ಅಂದುಕೊಂಡರೆ, ಚೀಲದಿಂದ ಹೊಳೆಯುವ ಚಿನ್ನದ ಹಾಳೆಯ ಗಣಪತಿ ಅಂಟಿಸಿದ್ದ ರೆಡಿಮೇಡ್ ಕಾರ್ಡು ತೆಗೆದರು. "ನಮ್ಮೂರಲ್ಲಿ ಇದೇ ನಡೆಯಾದು. ಹೊಡಿ ನೋಡವಾ." ಅಲ್ಲಿಯ ಹುಡುಗ ಬೇಡ ಬೇಡ ಎನ್ನುತ್ತಿದ್ದ. ಅವನ ಮ್ಯಾನೇಜರು ಜಂಬದಿಂದ, "ಹಾಕಯ್ಯ, ನಮ್ಮ ಮಷಿನ್ ಏನು ಬೇಕಾದರೂ ತಗೊಳ್ಳುತ್ತೆ" ಎಂದ. ತಗೊಂಡಿತು. ವಾಪಸ್ ಕೊಡಲಿಲ್ಲ. ಗಣಪತಿ ಒಳಗಿನ ಬಿಸಿ ರೋಲರಿಗೆ ಅಂಟಿಕೊಂಡು ಅಲ್ಲೇ ನೆಲೆಸಿಬಿಟ್ಟ. ಎಂಜಿನಿಯರನ್ನು ಕರೆಯಲು ಅವರು ಓಡಾಡುತ್ತಿದ್ದಾಗ ಮಾವ ನನ್ನ ಕಡೆ ತಿರುಗಿ ಮೆಲ್ಲಗೆ, "ನಡೀರವ್ವ, ಮೈಸೂರು ಬಸ್ಸಿಗೆ ಟೇಮಾಯ್ತು" ಎಂದರು.

ಬಸ್ಸಿನಲ್ಲಿ ನಾನು ಬಾಯಿ ಕಟ್ಟಿಕೊಂಡು ಕೂರಲಿಲ್ಲ. "ಮಾವ, ನಿಮಗೆ ಮಷಿನ್ ಬೇಡ. ಅದಕ್ಕೇ ಈ ಆಟ ಎಲ್ಲ ಕಟ್ಟುತ್ತಿದ್ದೀರಿ" ಎಂದು ನೇರವಾಗಿಯೇ ಅಂದೆ.

"ನಾನಾ? ನಾನೇನವ್ವ ಮಾಡ್ದೆ? ಮಿಷನ್ನೇ ತಡೀಲಿಲ್ಲ" ಎಂದು ಕಿಟಕಿಯ ಆಚೆ ನೋಡಿದರು. ಮಳ್ಳಿ ಮಳ್ಳಿ ಮಂಚಕ್ಕೆ ಎಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ. ನಮ್ಮ ಮಾವ ಆ ಮಳ್ಳಿಗೇ ಪಾಠ ಹೇಳಿಕೊಟ್ಟವರು.

ಮೂರನೆಯ ಷೋರೂಮಿಗೆ ಹೋಗುವ ಹೊತ್ತಿಗೆ ನನಗೆ ಆಸೆ ಸತ್ತಿತ್ತು. ಅಲ್ಲಿಯ ಸೇಲ್ಸಿನವರು ನಡುವಯಸ್ಸಿನವರು, ತಾಳ್ಮೆಯ ಮನುಷ್ಯ. ಅದೂ ಪುಡಿ ಬಣ್ಣದ್ದೇ ಯಂತ್ರ. ಕಾರ್ಡು ದಪ್ಪಗಿದ್ದರೂ ಹೊಡೆಯಿತು. ಗಣಪತಿ ಕಾರ್ಡು ತೋರಿಸಿದಾಗ, "ಯಜಮಾನರೇ, ಅದನ್ನು ಮಾತ್ರ ನನ್ನ ಮಷಿನ್ನಿಗೆ ಹಾಕಲ್ಲ, ಕ್ಷಮಿಸಿ. ಗಣಪತೀನ ಕೊನೇಲಿ ಬೇರೆ ಅಂಟಿಸ್ಕೊಳ್ಳಿ" ಎಂದು ಕೈ ಮುಗಿದರು. ಅರಿಶಿನ ಆಯಿತು, ಕುಂಕುಮ ಆಯಿತು, ಮಾವ ತಮ್ಮ ಅಂಗಿಯ ಒಳಗೆ ಕಾರ್ಡು ಇಟ್ಟುಕೊಂಡು ಹೊರಗೆ ಬಿಸಿಲಲ್ಲಿ ನಿಂತು ಬಂದದ್ದೂ ಆಯಿತು. ಬಣ್ಣ ಅಲ್ಲಾಡಲಿಲ್ಲ. ಆಮೇಲೆ ಅವರು ಒಂದು ಕಾರ್ಡು ಹಿಡಿದು ಗೋಡೆ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. ತಿರುಗಿದಾಗ ಕಾರ್ಡು ಜೇಬಿನಲ್ಲಿತ್ತು, ಮುಖದಲ್ಲಿ ಒಂಥರಾ ಕಳೆ ಇತ್ತು.

"ಇದೇ ಇರ್ಲಿ" ಎಂದರು.

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು.

"ಆದ್ರೆ ಕಬ್ಬಾಳಮ್ಮನ್ನ ಒಂದ್ಮಾತು ಕೇಳ್ಬೇಕು."

ಅಯ್ಯೋ ಶಿವನೇ, ಇನ್ನೊಂದು ಕೊಕ್ಕೆ! ದೇವಿಯ ಮುಂದೆ ಮನಸ್ಸಿನಲ್ಲಿ ಕೇಳಿಕೊಂಡು ಕಾಯುವುದು, ಬಲಗಡೆಯ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ನಮ್ಮ ಮನೆಯಲ್ಲಿ ಹೊಲ ಕೊಂಡರೂ ಹಾಗೇ, ಹಸು ಕೊಂಡರೂ ಹಾಗೇ. ಮಂಗಳವಾರ ಮಾವ ಒಬ್ಬರೇ ಹೊರಟರು. ಚನ್ನಪಟ್ಟಣಕ್ಕೆ ಹೋಗಿ ಸಾತನೂರಿನ ಬಸ್ಸು ಹಿಡಿದು ಕಬ್ಬಾಳು ಮುಟ್ಟಬೇಕು. ನಾನು ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು, 'ತಾಯೀ, ಬಲಗಡೆ ಕೊಡು, ನಿನಗೆ ಬಣ್ಣದ ಕರಪತ್ರ ಬಿಟ್ಟಿ ಹೊಡೆದುಕೊಡುತ್ತೇನೆ' ಎಂದು ಹರಕೆ ಹೊತ್ತುಕೊಂಡಿದ್ದೆ. ಸಂಜೆ ಮಾವ ಬಂದರು. ಹಣೆ ತುಂಬ ಕುಂಕುಮ.

"ಬಲಗಡೆ ಕೊಟ್ಲು ಕಣವ್ವ ತಾಯಿ."

ಹಾಗೆ ಮಷಿನ್ ಬಂತು. ಟ್ರೆಡಲನ್ನು ನೆಲದಿಂದ ಕಳಚಿ, ಉರುಳಿಸಿ, ಹಿತ್ತಲ ಬಾಗಿಲಾಚೆ ತಗಡಿನ ಮಾಡಿನ ಕೆಳಗೆ ನಿಲ್ಲಿಸಿ ಗೋಣಿತಾಟು ಹೊದಿಸಿದೆವು. ಗುಜರಿಯವನಿಗೆ ಹೇಳಿ ಕಳಿಸಿದೆವು. ಅವನು ಬಂದಾಗಲೆಲ್ಲ ಮಾವ ಎದುರಿಗೆ ನಿಂತು, "ಇವತ್ತು ಅಮಾಸೆ, ಕಬ್ಬಿಣ ಆಚೆ ಹೋಗಬಾರ್ದು" ಎಂದೋ, "ಒಸಿ ಎಣ್ಣೆ ಬುಟ್ಟು ತೊಳ್ದು ಕೊಡ್ತೀನಿ ತಡಿಯಪ್ಪ" ಎಂದೋ ಸಾಗಹಾಕುತ್ತಿದ್ದರು. ಗಾಜಿನ ಕೋಣೆಯೊಳಗೆ ಇಣುಕಿ, "ಮಿಷನ್ನಿಗೆ ಏಸಿ, ನಂಗೆ ಬೀಸಣಿಗೆ" ಎಂದು ಗೊಣಗಿ ಹಿತ್ತಲಿಗೆ ಹೋಗುತ್ತಿದ್ದರು. ಹೋಗಲಿ ಪಾಪ ಅಂತ ನಾನೂ ಬಿಟ್ಟೆ. ನಿಜ ಹೇಳಬೇಕೆಂದರೆ ಆ ಗೋಣಿತಾಟಿನ ಕಡೆ ನಾನು ನೋಡುತ್ತಲೇ ಇರಲಿಲ್ಲ.

ಮೊದಲ ದೊಡ್ಡ ಕೆಲಸ ಮಾಗಡಿ ಕಡೆಯ ಒಬ್ಬ ಗೌಡರ ಮಗಳ ಮದುವೆ ಕಾಗದ. ಕುಂಕುಮದ ಬಣ್ಣದ ದಪ್ಪ ಕಾರ್ಡು, ಮಡಿಚುವಂಥದ್ದು, ಎಡಕ್ಕೆ ಹೆಣ್ಣಿನ ಚಿತ್ರ, ಬಲಕ್ಕೆ ಗಂಡಿನದು. ನಾನೇ ಡಿಸೈನ್ ಮಾಡಿದ್ದೆ. ಹೊಡೆದು ರಾಶಿ ಹಾಕಿದಾಗ ಬೀದಿಯವರೆಲ್ಲ ಬಂದು ನೋಡಿ ಹೋದರು. ಮಡಿಚಲು ಕೂತೆವು. ಮೊದಲನೆಯದನ್ನು ಮಡಿಚಿ ಬಿಚ್ಚಿದೆ. ಮಡಿಕೆಯ ಉದ್ದಕ್ಕೂ ಬಣ್ಣ ಚಕ್ಕೆಯೆದ್ದು ಉದುರಿ, ಬಿಳಿ ಗೆರೆ ಬಿದ್ದಿತ್ತು. ಸರಿಯಾಗಿ ಗಂಡು ಹೆಣ್ಣಿನ ನಡುವೆ ಮೇಲಿಂದ ಕೆಳಗಿನ ತನಕ ಬಿರುಕು! ಇನ್ನೊಂದು ಮಡಿಚಿದೆ, ಹಾಗೇ. ಮತ್ತೊಂದು, ಹಾಗೇ. ಷೋರೂಮುಗಳಲ್ಲಿ ನಮಗೆ ಕೊಟ್ಟದ್ದೆಲ್ಲ ಮಡಿಚದ ಹಾಳೆ. ಮಡಿಚಿ ನೋಡಬೇಕೆಂದು ನಮಗೂ ಹೊಳೆದಿರಲಿಲ್ಲ.

ಮದುವೆ ಕಾಗದದಲ್ಲಿ ಜೋಡಿಯ ನಡುವೆ ಬಿರುಕು ಬಿಟ್ಟರೆ ನಮ್ಮ ಕಡೆ ಯಾರು ಮುಟ್ಟುತ್ತಾರೆ? ಗೌಡರು ನೋಡಿದ್ದರೆ ನಮ್ಮ ಬೋರ್ಡು ಕಿತ್ತು ಬಿಸಾಕಿ ಹೋಗುತ್ತಿದ್ದರು. ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು. ನನಗೆ ಅಳು ಬಂದುಬಿಟ್ಟಿತು.

ಮಾವ ಬಾಗಿಲಲ್ಲಿ ನಿಂತಿದ್ದರು. "ಒಂದ್ ಕಟ್ಟು ತತ್ತಾ ಇಲ್ಲಿ" ಎಂದು ಕಾರ್ಡು ತೆಗೆದುಕೊಂಡು ಹಿತ್ತಲಿಗೆ ಹೋದರು. ಗೋಣಿತಾಟು ಎಳೆದರು. ಟ್ರೆಡಲ್ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಮೊಳೆ ಇಡುವ ಚೌಕಟ್ಟಿಗೆ ಒಂದು ಉಕ್ಕಿನ ಪಟ್ಟಿ ಬಿಗಿದು, ಶಾಯಿ ಇಲ್ಲದೆ, ಕಾರ್ಡು ಇಟ್ಟು ತುಳಿದರು. ಕಾರ್ಡಿನ ನಡುವೆ ಸಣ್ಣ ತಗ್ಗು ಗೆರೆ ಮೂಡಿತು. ಆ ಗೆರೆಯ ಮೇಲೆ ಮಡಿಚಿ ನನ್ನ ಕೈಗೆ ಕೊಟ್ಟರು. ಬಿಚ್ಚಿ ನೋಡಿದೆ. ಒಂದು ಚೂರು ಬಣ್ಣ ಹೋಗಿರಲಿಲ್ಲ.

ನನಗೆ ಉಸಿರು ಬಂತು. ಉಸಿರು ಬಂದ ಮೇಲೆ ಬುದ್ಧಿಯೂ ಬಂತು. ಆ ಉಕ್ಕಿನ ಪಟ್ಟಿ ಹೊಚ್ಚ ಹೊಸದು. ಕಾರ್ಡಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ತುದಿ ಉಜ್ಜಿ ಇಟ್ಟದ್ದು.

"ಮಾವ, ಈ ಪಟ್ಟಿ ಯಾವಾಗ ಕೊಯ್ಸಿದ್ರಿ?"

"ಯಾವಾಗ್ಲೋ."

"ಯಾವಾಗ?"

ಅವರು ಟವೆಲ್ಲು ಕೊಡವಿದರು. "ಮಿಷನ್ ಬರಾಕ್ ಮುಂಚೆ."

ನನ್ನ ಗಂಡ ಮೊದಲ ಸಲ ಹೂಂ ಅನ್ನಲಿಲ್ಲ. "ಅಪ್ಪಾ, ಒಡೀತದೆ ಅಂತ ನಿಂಗೆ ಗೊತ್ತಿತ್ತಾ?"

"ಆ ಷೋರೂಮಲ್ಲಿ ಗೋಡೆ ಕಡೆ ತಿರ್ಗಿ ಮಡಿಸ್ ನೋಡ್ದೆ ಕಣ್ಲಾ. ಕಿಸಕ್ಕಂತ ಒಡ್ಕತು. ಅದ್ಕೇಯ ಒಪ್ಕಂಡಿದ್ದು."

ನನ್ನ ಸಿಟ್ಟು ನೆತ್ತಿಗೇರಿತು. "ಮತ್ತೆ ಕಬ್ಬಾಳಮ್ಮ ಬಲಗಡೆ ಕೊಟ್ಟಳು ಅಂದ್ರಲ್ಲ, ಅದೂ ಸುಳ್ಳಾ?"

"ತಾಯಿ ವಿಸ್ಯದಲ್ಲಿ ಸುಳ್ಳು ಹೇಳ್ತೀನಾ? ಬಲಗಡೇನೇ ಕೊಟ್ಲು. ಮಿಷನ್ ವಿಚಾರ ನಾನ್ ಕೇಳ್ಲೇ ಇಲ್ಲ. ನನ್ನ ಟ್ರೆಡಲ್ ಉಳೀತದಾ ಅಂತ ಕೇಳ್ದೆ." ಆಮೇಲೆ ದನಿ ತಗ್ಗಿಸಿ, "ಹೊಸ್ದು ಬರ್ದೆ ಇದ್ರೆ ಅಂಗ್ಡಿ ನಡ್ಯಾಕಿಲ್ಲ ಅಂತ ನಂಗೇನ್ ಗೊತ್ತಿಲ್ವಾ? ಬರ್ಲಿ. ಆದ್ರೆ ನನ್ನನ್ನೂ ಒಸಿ ಕರೀಲಿ ಅಂತ" ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದನ್ನು ಈ ಮುದುಕ ಪಂಚೆ ಮಾಸದ ಹಾಗೆ ಮಾಡಿ ಮುಗಿಸಿದ್ದರು. ನಾನು ಬಯ್ಯುವುದು ಬಿಟ್ಟು ಮಿಕ್ಕ ಕಟ್ಟುಗಳನ್ನೆಲ್ಲ ಹೊತ್ತು ತಂದು ಅವರ ಪಕ್ಕ ಇಟ್ಟೆ. ಗೌಡರು ಬಂದು, ಕಾಗದ ಮಡಿಚಿ ಬಿಚ್ಚಿ ನೋಡಿ, ಸಂತೋಷವಾಗಿ ಕೊಂಡುಹೋದರು.

ಕೆಲವು ತಿಂಗಳಾದ ಮೇಲೆ ಆ ತಾಳ್ಮೆಯ ಸೇಲ್ಸಿನವರು ನಮ್ಮ ಅಂಗಡಿಗೆ ಬಂದರು. ನಮ್ಮ ಕೆಲಸ ಮೆಚ್ಚಿಕೊಂಡು, ಹಿತ್ತಲಿನ ಶಬ್ದ ಕೇಳಿ ಕತೆಯೆಲ್ಲ ತಿಳಿದುಕೊಂಡು ಬಿದ್ದುಬಿದ್ದು ನಕ್ಕರು. ಆಮೇಲೆ ಬ್ಯಾಗಿನಿಂದ ಒಂದು ಚಿತ್ರದ ಪುಸ್ತಿಕೆ ತೆಗೆದು, "ಮೇಡಂ, ಗೆರೆ ಹಾಕುವುದಕ್ಕೇ ಅಂತ ಕರೆಂಟಿನ ಮಷಿನ್ ಬಂದಿದೆ. ಮೇಜಿನ ಮೇಲೆ ಕೂರುತ್ತೆ. ಬೆಳಗ್ಗೆ ಹಾಕಿದರೆ ಇಡೀ ದಿನದ ಕೆಲಸ ತಿಂಡಿ ಹೊತ್ತಿಗೆ ಮುಗಿಯುತ್ತೆ" ಎಂದರು. ನನ್ನ ಗಂಡ ಪುಸ್ತಿಕೆಗೆ ಕೈ ಚಾಚಿ, ಹೂಂ ಅನ್ನಲು ಬಾಯಿ ತೆರೆದರು. ಅಂಗಡಿಯಲ್ಲಿ ಹೊಸದು ಹೊಸದು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಪುಸ್ತಿಕೆಯನ್ನು ಗಂಡನ ಕೈಗೆ ಸಿಗದ ಹಾಗೆ ತೆಗೆದುಕೊಂಡು ಸೇಲ್ಸಿನವರಿಗೇ ವಾಪಸ್ ಕೊಟ್ಟೆ.

"ಬೇಡಿ ಸಾರ್. ತಿಂಡಿ ಹೊತ್ತಿಗೆ ಮುಗಿದುಬಿಟ್ಟರೆ ಆಮೇಲೆ ನಮ್ಮ ಮಾವ ಏನು ಮಾಡಬೇಕು?"

ಹಿತ್ತಲಲ್ಲಿ ಟ್ರೆಡಲ್ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.