ಬಾವಾನ ಬೆನ್ನು ಬಿಡದ ಮಾತು

ಮೆಲ್ಕಾರಿನ ಟಯರ್ ಅಂಗಡಿಯ ಬಾವಾನಿಗೆ ಪ್ರೇತಬಾಧೆ ಇತ್ತು. ಲಾರಿ ಅಪಘಾತದಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ಹೋದ ದಿನದಿಂದ ಅದು ಹಿಂದೆ ಬಿದ್ದಿತ್ತು. ಅದರ ಹೆಸರು ‘ಪಾಪ’. ಬಸ್ಸು ಹತ್ತಿದರೆ ಕಂಡಕ್ಟರನ ಬಾಯಲ್ಲಿ, ಮದುವೆಗೆ ಹೋದರೆ ಬಿರಿಯಾನಿ ಬಡಿಸುವವನ ಬಾಯಲ್ಲಿ, ಮನೆಯಲ್ಲಿ ಹೆಂಡತಿ ನಬೀಸಾಳ ನಿಟ್ಟುಸಿರಿನಲ್ಲಿ ಹಾಜರ್. ಮಸೀದಿಯ ಉಸ್ತಾದರು ಮಂತ್ರಿಸಿ ಕೊಟ್ಟ ನೂಲಿಗೂ ಬಗ್ಗಲಿಲ್ಲ.

ಅದು ಕಾಲಿಡದ ಜಾಗ ಒಂದೇ, ಹಗ್ಗಜಗ್ಗಾಟದ ಕಣ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ, ಕೃತಕ ಕಾಲನ್ನು ಮಣ್ಣಿಗೆ ಊರಿ ಬಾವಾ ಹಿಂದಕ್ಕೆ ವಾಲಿದನೆಂದರೆ ಮೆಲ್ಕಾರ್ ತಂಡಕ್ಕೆ ಆನೆ ಕಟ್ಟಿದಷ್ಟು ಧೈರ್ಯ. ಎದುರಾಳಿಗಳು ಬಾಯಿ ತುಂಬ ಬೈಯುತ್ತಿದ್ದರು. ಆ ಬೈಗುಳ ಅವನಿಗೆ ಅತ್ತರಿನ ಪರಿಮಳ.

೧೯೯೮ರಲ್ಲಿ, ಬೆಳ್ತಂಗಡಿಯ ಫೈನಲಿನಲ್ಲಿ, ಪ್ರೇತ ಮೈಕಿನೊಳಗಿಂದ ಬಂತು. ಉದ್ಘೋಷಕ ಜತ್ತಪ್ಪ ಗದ್ಗದಿತನಾಗಿ, “ಪಾಪ, ಒಂದೇ ಕಾಲಿದ್ದರೂ ಎಳೆಯುವ ನಮ್ಮ ಬಾವಾ! ನೋಡಿದರೆ ಅಳು ಬರದವರು ಉಂಟೇ?” ಎಂದ.

ಅಳು ಬಂತು. ಎದುರಾಳಿ ಮೂಡುಬಿದಿರೆ ತಂಡಕ್ಕೇ ಬಂತು. ಸೀಟಿ ಊದಿದ ಕೂಡಲೇ ಬಾವಾನ ಸೊಂಟಕ್ಕೆ ಗೊತ್ತಾಯಿತು, ಆ ಕಡೆ ಯಾರೂ ಎಳೆಯುತ್ತಿಲ್ಲ. ಎಂಟು ಮಂದಿ ಭೀಮಸೇನರು ದಯೆಯಲ್ಲಿ ತೇಲಿಕೊಂಡು ಗೆರೆ ದಾಟಿದರು. ಚಪ್ಪಾಳೆಯೋ ಚಪ್ಪಾಳೆ. ಬಹುಮಾನದ ಬಾಳೆಗೊನೆ ಹೊತ್ತು ತಂದರು.

ಬಾವಾ ಗೊನೆ ಮುಟ್ಟಲಿಲ್ಲ. ಮೂಡುಬಿದಿರೆಯ ನಾಯಕ ಧರ್ಣಪ್ಪನ ಎದುರು ಹೋಗಿ ನಿಂತ.

“ಹಗ್ಗ ಯಾಕೆ ಬಿಟ್ಟದ್ದು?”

“ಇರಲಿ ಬಾವಾ, ನೀನೊಮ್ಮೆ ಗೆಲ್ಲು ಅಂತ...”

“ಹೋದ ವರ್ಷ ‘ಕೋಣ, ನಿನ್ನ ಸೊಂಟ ಮುರೀತೇನೆ’ ಅಂದವ ನೀನೇ ಅಲ್ವಾ? ಆ ಮರ್ಯಾದೆ ಈಗ ಎಲ್ಲಿ ಹೋಯ್ತು?” ಆಮೇಲೆ ಮೈಕಿನ ಕಡೆ ತಿರುಗಿದ. “ಜತ್ತಪ್ಪಣ್ಣ, ಎಲ್ಲರ ಹೆಸರು ಹೇಳಿದ ಹಾಗೆ ನನ್ನದೂ ಹೇಳಿ. ಕಾಲಿನ ಸುದ್ದಿ ಬೇಡ. ಇನ್ನೊಮ್ಮೆ ಎಳೆಯುವ.”

“ಸೋತರೆ?” ಎಂದ ಧರ್ಣಪ್ಪ.

“ಸೋಲ್ತೇನೆ ಮಾರಾಯ. ನಿನಗೇನು?”

ಈ ಸಲ ಮೂಡುಬಿದಿರೆಯವರು ಜನ್ಮದ ವೈರಿಗಳಂತೆ ಎಳೆದರು. ಭೂಮಿ ನಡುಗಿತೋ ಇಲ್ಲವೋ, ಎರಡು ಬನಿಯನ್ನಂತೂ ಹರಿದವು. ಕೊನೆಗೆ ಬಾವಾ ಕವುಚಿ ಬಿದ್ದ. ಹಗ್ಗ ಅವನನ್ನು ಮಣ್ಣಿನಲ್ಲಿ ಎಳೆದುಕೊಂಡು ಹೋಯಿತು.

“ಏಯ್ ಕೋಣ, ಮನೆಗೆ ಹೋಗಿ ಗಂಜಿ ಉಣ್ಣು!” ಎಂದು ಧರ್ಣಪ್ಪ ಕುಣಿದ.

ಬಾವಾ ಮಣ್ಣು ಉಗುಳಿ, ಹೊಟ್ಟೆ ತುಂಬ ನಕ್ಕ.

ಅಷ್ಟರಲ್ಲಿ ಮೈಕು ಮಾತಾಡಿತು. “ಗೆದ್ದವರು ಮೂಡುಬಿದಿರೆ. ಮೆಲ್ಕಾರಿನ ಕೊನೆಯ ಆಳು...” ಜತ್ತಪ್ಪ ಮಾತು ತಡೆದ. ಧ್ವನಿವರ್ಧಕದಲ್ಲಿ ಒಂದು ಉದ್ದದ ಉಸಿರು ಮಾತ್ರ ಕೇಳಿಸಿತು. “...ಬಾವಾ.”

ಬಾವಾ ಕೇಳಿಕೊಂಡ ಹಾಗೆಯೇ ಹೆಸರು ಮಾತ್ರ ಹೇಳಿದ್ದ. ಆದರೆ ಬಾವಾನ ನಗು ನಿಂತಿತು. ಆ ಉಸಿರಿಗೆ ಮೈದಾನದ ಕಣ್ಣುಗಳೆಲ್ಲ ಮೆಲ್ಲಗೆ ಇಳಿದು ಅವನ ಕಾಲಿನ ಮೇಲೆ ಕೂತಿದ್ದವು.