ಹೆಸರು ಕೂಗುವ ಹುಲಿಗೆಪ್ಪ

ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಕಚೇರಿ ಬಾಗಿಲಲ್ಲಿ ನಿಂತು ಬಂದವರ ಹೆಸರು ಕೂಗುತ್ತಿದ್ದ ಚಪರಾಸಿ ಹುಲಿಗೆಪ್ಪನನ್ನು ನಾನು ಹತ್ತಿರದಿಂದ ಬಲ್ಲೆ. ಅವನು ‘ಹಾಜಿರ್ ಹೈ?’ ಎಂದು ಕೂಗಿದರೆ ಮಸ್ಕಿಯ ಬೆಟ್ಟವೂ ಎದ್ದು ಬಂದು ಕೈಕಟ್ಟಿ ನಿಲ್ಲಬೇಕು, ಅಂಥ ಗಂಟಲು. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದರ ಉರ್ದು ಅಕ್ಷರಗಳನ್ನೇ ಸವೆಸಿಬಿಟ್ಟಿದ್ದ. ಆ ಬಿಲ್ಲೆ ಕಂಡೊಡನೆ ಹಳ್ಳಿಯವರ ಬಾಯಿಂದ ಹರಕುಮುರುಕು ಉರ್ದು ಹೊರಡುತ್ತಿತ್ತು. "ಕನ್ನಡದಾಗ ಮಾತಾಡ್ರೋ, ನಾನೂ ಪಾಮನಕಲ್ಲೂರಾವ" ಎಂದು ಅವನು ಅಂಗಲಾಚಿದರೂ "ಜೀ ಸಾಬ್" ಎಂದು ಹಿಂದೆ ಸರಿಯುತ್ತಿದ್ದರು. ಒಳಗಿನ ಸಾಹೇಬರಂತೂ ಅವನ ಹೆಸರು ಹಿಡಿಯದೆ ‘ಕೋಯಿ ಹೈ?’, ಯಾರಿದ್ದೀರಿ ಅಲ್ಲಿ, ಎಂದೇ ಕರೆಯುತ್ತಿದ್ದರು. ಊರಿಗೆ ಹೋದರೆ ಕಟ್ಟೆಯ ಹರಟೆ ತಟ್ಟನೆ ನಿಲ್ಲುತ್ತಿತ್ತು. ಒಟ್ಟಿಗೆ ಹಳ್ಳ ಈಜಿದ ಗೆಳೆಯರೇ "ಬರ್ರಿ ಸಾಹೇಬ್ರ" ಎಂದು ಎದ್ದು ಕಂಬಳಿ ಹಾಸುತ್ತಿದ್ದರು. ಅದರ ಮೇಲೆ ಅವನೊಬ್ಬನೇ ಕೂತು, ಒಬ್ಬನೇ ಎದ್ದು ಬರುತ್ತಿದ್ದ. ಒಮ್ಮೆ ಹೊಲದ ತಕರಾರಿಗೆಂದು ಅವನೂರಿನ ಮುದುಕಿ ಗದ್ದೆಮ್ಮ ಬಂದಳು. ಅವನು ಅವಳ ಹೆಸರು ಕೂಗಿದ ರಭಸಕ್ಕೆ ಕಿವಿ ಮುಚ್ಚಿಕೊಂಡು, "ಲೇ ಹುಲಿಗ್ಯಾ, ಯಾಕ ಹಂಗ ಒದರ್ತೀಯೋ? ಇಲ್ಲೇ ಮುಂದ ನಿಂತೀನಿ, ಕಾಣಂಗಿಲ್ಲೇನು?" ಎಂದು ಬೈದಳು. ಮುದುಕಿಯ ಕತೆ ಮುಗಿಯಿತೆಂದು ಸುತ್ತಲಿದ್ದವರು ನಡುಗಿದರು. ಆ ಬಾಗಿಲಲ್ಲಿ ಮೊದಲ ಸಲ ತನ್ನ ಹೆಸರು ಕೇಳಿದ ಹುಲಿಗೆಪ್ಪ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಆಮೇಲೆ, ಎದುರಿಗೇ ನಿಂತಿದ್ದ ಅವಳ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಕೂಗಿದ.