ಮಾರಿಯನ್ನು ಬೇಲಿ ದಾಟಿಸದ ಮಳೆಗಾಲ

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತೇನೆ. ಆ ಬೆರಳಿಗೆ ಇವತ್ತು ಹಸಿರು ಕಲೆ ಬೇರೆ ಹತ್ತಿದೆ. ಬೆಳಿಗ್ಗೆ ಹಿತ್ತಲಿಗೆ ಹೋಗಿ ಟಮಾಟೆ ಗಿಡದ ಕೆಳಗಿನ ಎಲೆಗಳನ್ನು ಚಿವುಟಿ ಬಂದೆ. ಟಮಾಟೆ ಎಲೆಯ ವಾಸನೆ ನಿಮಗೆ ಗೊತ್ತಿರಬಹುದು. ಹಣ್ಣಿನ ವಾಸನೆಗೂ ಅದಕ್ಕೂ ಸಂಬಂಧವೇ ಇಲ್ಲ. ತುಳಸಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಾಗಿರುತ್ತದೆ. ಸೋಪು ಹಚ್ಚಿ ತೊಳೆದರೂ ಚಹಾದ ಬಟ್ಟಲು ಎತ್ತಿದಾಗ ಮೂಗಿಗೆ ಬಂದೇ ಬರುತ್ತದೆ. ಅದು ಬಂತೆಂದರೆ ನನಗೆ ಆ ಒಂದು ಮಳೆಗಾಲ, ಮತ್ತು ಆ ಮಳೆಗಾಲದಲ್ಲಿ ನಮ್ಮ ಚಿಗವ್ವ ಬೈದ ಬೈಗುಳಗಳು, ಎಲ್ಲ ಸಾಲಾಗಿ ನೆನಪಾಗುತ್ತವೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಶಾಂತವ್ವ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅವಳ ತವರು ಶಲವಡಿ. ಅಲ್ಲಿಂದ ನಾವಿರುವ ಈ ಕಲಘಟಗಿಗೆ ಬರುವಾಗ ಸೆರಗಿನ ತುದಿಯಲ್ಲಿ ಟಮಾಟೆ ಬೀಜ ಗಂಟು ಹಾಕಿಕೊಂಡು ಬಂದಿದ್ದಳು. ಅಗದಿ ಜವಾರಿ ಟಮಾಟೆ. ಚಪ್ಪಟೆ ಮೈ, ಮೈತುಂಬ ಗೆರೆ, ನೋಡಿದರೆ ಯಾರೋ ಕುಂಬಳಕಾಯಿಯ ಮೇಲೆ ಕುಳಿತು ಎದ್ದಂತೆ. ಚಂದವೇನೂ ಇಲ್ಲ. ಹುಳಿ ಮಾತ್ರ ಹೇಗೆಂದರೆ, ಬಾಯಿಗೆ ಇಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ. ಒಂದು ಹಣ್ಣು ಹಾಕಿದರೆ ಮನೆಮಂದಿಗೆಲ್ಲ ಸಾರು. ಒಳ್ಳೆಯ ಫಸಲು ಬಂದ ವರ್ಷ ಹಣ್ಣು ಆರಿಸಿ, ತಿರುಳನ್ನು ಬೂದಿಯಲ್ಲಿ ಕಲಸಿ, ಅಡುಗೆಮನೆಯ ಗೋಡೆಗೆ ಬಿಲ್ಲೆ ಬಿಲ್ಲೆಯಾಗಿ ಬಡಿಯುತ್ತಿದ್ದಳು. ಅದೇ ಅವಳ ಬೀಜದ ಕಣಜ. ಶಲವಡಿಯಲ್ಲಿ ಈಗ ಕೇಳಿದರೆ ಆ ಟಮಾಟೆ ಯಾರ ಮನೆಯಲ್ಲೂ ಇಲ್ಲ. ನಾನು ಹೇಳುವ ಆ ವರ್ಷ, ಬಿಲ್ಲೆಗಳು ಹಳೆಯವಾದವು, ಇನ್ನು ಇಟ್ಟರೆ ಮೊಳೆಯಲಿಕ್ಕಿಲ್ಲ ಎಂದು ಗೋಡೆಯ ಮೇಲಿದ್ದಷ್ಟನ್ನೂ ಕಿತ್ತು ಬಿತ್ತಿಬಿಟ್ಟಿದ್ದಳು. ಕೈಯಲ್ಲಿ ಒಂದು ಬೀಜ ಉಳಿದಿರಲಿಲ್ಲ. ಇದ್ದದ್ದೆಲ್ಲ ಮಣ್ಣಿನಲ್ಲಿ.

ನಮ್ಮ ಹಿತ್ತಲಿನ ಬೇಲಿಯ ಆಚೆ ದಾವಲ್‌ಸಾಬ್ ಕಾಕಾ ಅವರ ಹಿತ್ತಲು. ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಸ್ಟಿಯರಿಂಗ್ ಬಿಟ್ಟ ಕೈಗೆ ಏನಾದರೂ ಬೇಕಲ್ಲ, ಮಳೆಗಾಲಕ್ಕೆ ಬಟಾಟೆ, ಅಂದರೆ ಆಲೂಗಡ್ಡೆ, ಹಾಕುತ್ತಿದ್ದರು. ಬೇಲಿಯ ಎರಡೂ ಕಡೆ ನಿಂತು ಇವರಿಬ್ಬರೂ ಮಾತಾಡುವುದನ್ನು ಕೇಳಿದರೆ ಹೊಸಬರು ಜಗಳ ಎಂದೇ ತಿಳಿಯಬೇಕು.

"ಏನ್ ಬೆಳಿ ಅದು ದಾವಲಸಾಬ, ಮಣ್ಣಾಗ ಮುಖಾ ಮುಚಗೊಂಡು ಕುಂತಿರ್ತೈತಿ. ಯಾರ ಕಡಿಂದ ಸಾಲಾ ತಂದೈತಿ ಅದು?"

"ನಿಮ್ಮ ಟಮಾಟಿ ನೋಡ್ರಿ ಶಾಂತಕ್ಕ. ಹೋಗೂ ಬರೂ ಮಂದಿಗೆಲ್ಲಾ ಕೆಂಪಗ ಮುಖಾ ತೋರಸ್ಕೋತ ಜೋತಾಡ್ತೈತಿ. ಅಗದಿ ನಿಮ್ಹಂಗ!"

ಆ ವರ್ಷದ ಮಳೆ ಜೋರಾಗಿ ಹೊಡೆದು ಹೋಗುವ ಮಳೆಯಾಗಿರಲಿಲ್ಲ. ಜಿಟಿಜಿಟಿ ಮಳೆ. ಬಿಸಿಲು ಮುಖ ತೋರಿಸುವುದಿಲ್ಲ, ಹಾಕಿದ ಅಂಗಿ ಒಣಗುವುದಿಲ್ಲ. ಒಂದು ಬೆಳಿಗ್ಗೆ ಟಮಾಟೆಯ ಕೆಳಗಿನ ಎಲೆಗಳ ಮೇಲೆ ಬಿಸಿನೀರು ಚೆಲ್ಲಿದಂಥ ಕಂದು ಕಲೆ. ಎಲೆ ತಿರುವಿದರೆ ಅಡಿಯಲ್ಲಿ ಬೂಷ್ಟು ಹಿಡಿದಂತೆ ಬಿಳಿ ಅಂಚು. ಒಂದು ಟೊಂಗೆ ಮುರಿದುಕೊಂಡು ನಾನು ಪೇಟೆಯ ಬೆಳೆ ಔಷಧಿಯ ಅಂಗಡಿಗೆ ಹೋದೆ. ಅಂಗಡಿಯವರು ನೋಡಿದ ಕೂಡಲೇ, "ಅಂಗಮಾರಿರಿ ಇದು. ಎಷ್ಟ್ ಎಕರೆ?" ಎಂದರು. ಹಿತ್ತಲಿನಲ್ಲಿ ಒಂದು ಸಾಲು ಎಂದೆ. ನಕ್ಕರು. "ಕಿತ್ತ ಒಗೀರಿ ಅತ್ತಾಗ. ಸಂತ್ಯಾಗ ಕೊಂಡ್ರ ಆತು." ಆದರೂ ಮೈಲುತುತ್ತದ ನೀಲಿ ಹರಳು ಕೊಟ್ಟು, ಸುಣ್ಣದ ಜೊತೆ ಹೇಗೆ ಕಲಸಬೇಕೆಂದು ಸಮಾಧಾನದಿಂದ ಹೇಳಿಕೊಟ್ಟರು.

ಮನೆಗೆ ಬಂದು ನಾನು ಕೇಳಿದ್ದನ್ನೆಲ್ಲ ಚಿಗವ್ವನಿಗೆ ಒಪ್ಪಿಸಿದೆ. ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು. ಒಂದು, ಸಂತೆಯಲ್ಲಿ ಕೊಳ್ಳಿ ಅಂದದ್ದು.

"ಸಂತ್ಯಾಗ ಟಮಾಟಿ ಸಿಗ್ತಾವ. ನನ್ನ ಟಮಾಟಿ ಸಿಗತೈತೇನು? ಕೇಳಿ ಬರಬೇಕಿಲ್ಲೋ ಮಳ್ಳಾ!"

ಎರಡನೆಯದು ರೋಗದ ಹೆಸರು. "ಏನಂದಿ? ಅಂಗಮಾರಿ? ಮಾರಿ ಅಂದ್ರ ಅದಕ್ಕ ಮೈಲುತುತ್ತ ಏನ್ ಮಾಡತೈತಿ? ಮಾರಿನ್ನ ಸೀಮಿ ದಾಟಸಬೇಕು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಿಂದೆ ಊರಿಗೆ ಬೇನೆ ಬಂದರೆ ಮಾರಿ ಬಂದಳು ಎನ್ನುತ್ತಿದ್ದರು. ಬೇವು, ಅರಿಶಿನ, ಮೊಸರನ್ನ ಇಟ್ಟು, ಅವಳ ಬೊಂಬೆಯನ್ನು ಚಿಕ್ಕ ಬಂಡಿಯಲ್ಲಿ ಕೂರಿಸಿ, ಊರಿನ ಗಡಿಯ ಆಚೆ ಬಿಟ್ಟು ತಿರುಗಿ ನೋಡದೆ ಬರುತ್ತಿದ್ದರಂತೆ. ಆಚೆ ಊರಿನವರು ಬೆಳಿಗ್ಗೆ ಎದ್ದು ನೋಡಿದರೆ ತಮ್ಮ ಸೀಮೆಯಲ್ಲಿ ಮಾರಿ! ಅವರು ಇನ್ನೊಂದು ಊರಿನ ಗಡಿಗೆ ತಳ್ಳುವುದು, ಆ ಊರಿನವರು ಮುಂದಿನ ಊರಿಗೆ. ಕಾಗದದ ಮೇಲೆ ಸಹಿ ಬೀಳದ ಅರ್ಜಿಯ ಹಾಗೆ ಅವಳು ತಿರುಗಾಡುತ್ತಲೇ ಇರಬೇಕು.

ಚಿಗವ್ವ ರೋಗ ಹಿಡಿದ ಗಿಡಗಳನ್ನು ಬೇರು ಸಮೇತ ಕಿತ್ತು ಮೊರದಲ್ಲಿ ಹಾಕಿದಳು. ಮೇಲೆ ಬೇವಿನ ಸೊಪ್ಪು-ತಪ್ಪಲು, ಅರಿಶಿನ, ಕುಂಕುಮ, ಒಂದು ಮುಷ್ಟಿ ಮೊಸರನ್ನ. ತಲೆಯ ಮೇಲೆ ಹೊತ್ತು ನಮ್ಮ ಸೀಮೆಯ ತನಕ, ಅಂದರೆ ಬೇಲಿಯ ತನಕ ನಡೆದಳು. "ಹೋಗ ತಾಯಿ, ಸುಖಾ ಇರು" ಎಂದು ಎಲ್ಲವನ್ನೂ ಆಚೆ ಚೆಲ್ಲಿದಳು. ಆಚೆ ಏನಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಟಮಾಟೆಯ ರೋಗ ಬಟಾಟೆಗೆ ಹತ್ತುತ್ತದೆಂದು ಯಾರ ತಲೆಗೆ ಹೊಳೆಯಬೇಕು? ಒಂದು ಮೇಲೆ ಬಿಡುವ ಹಣ್ಣು, ಇನ್ನೊಂದು ಕೆಳಗೆ ಬಿಡುವ ಗಡ್ಡೆ.

ವಾರ ಕಳೆಯುವುದರೊಳಗೆ ಕಾಕಾನ ಬಟಾಟೆ ತಪ್ಪಲು ಬೇಲಿಯ ಕಡೆಯಿಂದ ಕಪ್ಪಾಗತೊಡಗಿತು. ಅವರು ಬಾಡಿದ ಬೇವಿನ ತಪ್ಪಲನ್ನು ಎತ್ತಿ ಹಿಡಿದುಕೊಂಡು ಕೂಗಿದರು.

"ಶಾಂತಕ್ಕಾ! ನಿಮ್ಮ ಮಾರಿ ನಮ್ಮ ಹಿತ್ತಲದಾಗ ಬಂದು ಕುಂತಾಳ. ಇಕಿಗೆ ಎರಡೂ ಹೊತ್ತು ಊಟಾ ಯಾರ್ ಹಾಕಬೇಕು?"

ಚಿಗವ್ವ ಹೊರಗೆ ಬಂದು ನೋಡಿದಳು. ಟಮಾಟೆ ಎಲೆಯ ಮೇಲಿದ್ದದ್ದೇ ಕಲೆ ಬಟಾಟೆ ಎಲೆಯ ಮೇಲೆ. ಬೇಲಿಯ ಮೇಲಿಂದ ಕೈ ಹಾಕಿ ಒಂದು ಎಲೆ ತಿರುವಿದಳು. ಆಮೇಲೆ ಮೆಲ್ಲಗೆ, "ಇವೆರಡೂ ಬೀಗರೇನೋ ದಾವಲಸಾಬ?" ಎಂದಳು.

"ಹೌದು ನೋಡ್ರಿ. ಬೀಗರ ಮನಿಗೆ ಬಂದಾಳ, ಇನ್ನ ಲಗೂನ ಏಳಂಗಿಲ್ಲ" ಎಂದು ಕಾಕಾ ಸಿಟ್ಟಿನಿಂದಲೇ ಕತ್ತರಿಸಿದ ತಪ್ಪಲನ್ನು ಚೀಲಕ್ಕೆ ತುಂಬತೊಡಗಿದರು. ಸೈಕಲ್ಲಿಗೆ ಕಟ್ಟಿ ಹಳ್ಳದ ಆಚೆ ಒಗೆದು ಬರುವುದು ಅವರ ಲೆಕ್ಕ.

"ನಿಂದರು" ಎಂದಳು ಚಿಗವ್ವ. "ಹಳ್ಳದ ಆಚಿ ಯಾರಿಲ್ಲೇನು? ಅಲ್ಲೂ ಬಟಾಟಿ ಹಾಕ್ಯಾರ. ಅವರು ಮುಂದಕ್ಕ ಒಗೀತಾರ, ಮುಂದಿನವರು ಅದರ ಮುಂದ. ಊರೆಲ್ಲಾ ಉಂಡು ಮತ್ತ ನನ್ನ ಬಾಗಲಕ್ಕಽ ಬರತಾಳ. ಸಾಕು. ಇಕಿ ಎಲ್ಲೂ ಹೋಗೂದು ಬ್ಯಾಡ. ಇಲ್ಲೇ ಹುಗಿಯೂಣು."

"ಎಲ್ಲಿ?"

"ನನ್ನ ಹಿತ್ತಲದಾಗ."

ಹಸಿ ತಪ್ಪಲು, ಆ ಮಳೆಯಲ್ಲಿ ಸುಟ್ಟರೂ ಸುಡುವುದಿಲ್ಲ. ಟಮಾಟೆ ಸಾಲಿನಿಂದ ದೂರ, ಬಚ್ಚಲ ಹಿಂದೆ ಎದೆಮಟ್ಟದ ಕುಣಿ ತೋಡಿದೆವು. ಕಾಕಾ ಒಂದು ಗುದ್ದಲಿ, ನಾನು ಒಂದು. ದಾರಿಯಲ್ಲಿ ಹೋಗುತ್ತಿದ್ದ ಓಣಿಯ ಹಿರಿಯ ಹೆಣ್ಣುಮಗಳೊಬ್ಬಳು ಬೇಲಿಯಲ್ಲಿ ಇಣುಕಿ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ! ಮಾರಿನ್ನ ಯಾರರ ಮನ್ಯಾಗ ಹುಗೀತಾರೇನ ಶಾಂತವ್ವಾ? ಮನಿ ಒಳ್ಳೇದಾಗತೈತೇನು?"

ಚಿಗವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ಮಂದಿ ಮನಿಗೆ ಅಟ್ಟಿದ್ರ ಒಳ್ಳೇದಾಗತೈತೇನು? ನನ್ನ ಮಾರಿ, ನನ್ನ ಮಣ್ಣು. ಏನರ ಆದ್ರ ನನಗ ಆಗಲಿ. ನೀ ನಡಿ ಮುಂದ."

ನಾನು ಕುಣಿಯೊಳಗೆ ನಿಂತಿದ್ದೆ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ, ಒಮ್ಮೆ ಮೇಲೆ ಹತ್ತಿಬಿಡಲೇ ಎನಿಸಿತು. ತಡವಾಗಿ ಅಕ್ಷರ ಕಲಿತವನ ಧೈರ್ಯ ಕಾಲಿನ ತನಕ ಇನ್ನೂ ಇಳಿದಿರಲಿಲ್ಲ.

ಉಳಿದ ಗಿಡಗಳಿಗೆ ಮಳೆ ಬೀಳದಂತೆ ಮಾಡಬೇಕಿತ್ತು. ಕಾಕಾ ಎಲ್ಲಿಂದಲೋ ಹಳೆಯ ಫ್ಲೆಕ್ಸ್ ತಂದರು. ಯಾವುದೋ ಮುಖಂಡರ ಹುಟ್ಟುಹಬ್ಬದ್ದು. ಬಿದಿರು ನೆಟ್ಟು ಮೇಲೆ ಕಟ್ಟಿದೆವು. ಮುಖಂಡರು ಟಮಾಟೆಗೆ ಕೈ ಮುಗಿದು ನಗುತ್ತ ನಿಂತರು. "ಇವರು ಒಬ್ಬರಿಗರ ನೆಳ್ಳಾದ್ರಲಾ" ಎಂದರು ಕಾಕಾ. ಅಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು.

ಮೈಲುತುತ್ತ ಮತ್ತು ಸುಣ್ಣದ ನೀರು ಸಿಂಪಡಿಸಲು ನಮ್ಮಲ್ಲಿ ಪಂಪು ಇರಲಿಲ್ಲ. ನನ್ನ ಕಸುಬು ಮರದ ತೊಟ್ಟಿಲಿಗೆ ಬಣ್ಣ ಹಚ್ಚುವುದು. ಮನೆಯಲ್ಲಿದ್ದ ಅಗಲದ ಬ್ರಷ್ಷು ತಂದು ಒಂದೊಂದೇ ಎಲೆಗೆ ಹಚ್ಚಿದೆ. ಕೆಲಸ ಮುಗಿಸಿ, ನೀಲಿ ಬಣ್ಣ ಒಂದೇ ಸಮ ಕೂತಿದೆ ಎಂದು ದೂರ ನಿಂತು ಮೆಚ್ಚಿಕೊಳ್ಳುತ್ತಿದ್ದೆ. ಚಿಗವ್ವ ಬಂದು ಒಂದು ಎಲೆ ತಿರುವಿದಳು.

"ಇದೇನ್ ತೊಟ್ಲೇನೋ, ಮ್ಯಾಲ ಚಂದ ಕಾಣಾಕ? ರೋಗ ಕುಂತಿದ್ದು ಅಡಿಗೆ. ಅಡಿಗೆ ಹಚ್ಚು!"

ಮತ್ತೆ ಮೊದಲಿನಿಂದ ಹಚ್ಚಿದೆ. ನೆಲಕ್ಕೆ ತಾಗುವ ಎಲೆ ಕತ್ತರಿಸಿದೆವು, ಗಿಡಗಳ ನಡುವೆ ಗಾಳಿ ಆಡುವಂತೆ ಬಿಡಿಸಿ ಕಟ್ಟಿದೆವು. ದಿನಾ ಬೆಳಿಗ್ಗೆ ಕಲೆ ಬಿದ್ದ ಎಲೆ ಕಂಡ ಕೂಡಲೇ ಚಿವುಟಿ ಕುಣಿಗೆ. ಇಷ್ಟಾದರೂ ಗಿಡಗಳು ಒಂದೊಂದಾಗಿ ಹೋದವು. ಕಾಯಿಗಳು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದವು. ಪ್ರತಿ ಗಿಡ ಕೀಳುವಾಗಲೂ ಚಿಗವ್ವ, "ನೀ ಒಯ್ಯಿ, ನಾ ಬಿಡಂಗಿಲ್ಲ" ಎಂದು ಯಾರಿಗೋ ಹೇಳಿದಂತೆ ಹೇಳುತ್ತಿದ್ದಳು. ಕೊನೆಗೆ ಫ್ಲೆಕ್ಸಿನ ಕೆಳಗೆ ನಟ್ಟನಡುವೆ ಇದ್ದ ಒಂದೇ ಗಿಡ ನಿಂತಿತು. ಅದು ಕೊಟ್ಟ ಹಣ್ಣುಗಳಲ್ಲಿ ಕಲೆ ಇಲ್ಲದ್ದು ಒಂದು ಹಿಡಿ. ಕಾಕಾ ತಪ್ಪಲು ಕೊಯ್ದ ಮೇಲೆ ಅವಸರ ಮಾಡದೆ ಗಡ್ಡೆಯ ಸಿಪ್ಪೆ ಗಟ್ಟಿಯಾಗುವ ತನಕ ಕಾದು ಅಗೆದರು. ನಿಂಬೆಹಣ್ಣಿನ ಗಾತ್ರದ ಬಟಾಟೆ ಸಿಕ್ಕವು, ಆದರೆ ಕೊಳೆಯದವು.

ಆ ಹಣ್ಣುಗಳನ್ನು ನಾವು ಯಾರೂ ತಿನ್ನಲಿಲ್ಲ. ಎಲ್ಲವನ್ನೂ ಹಿಂಡಿ ಬೂದಿಯಲ್ಲಿ ಕಲಸಿ, ಅರ್ಧ ಬಿಲ್ಲೆಗಳನ್ನು ನಮ್ಮ ಗೋಡೆಗೆ ಬಡಿದಳು. ಉಳಿದರ್ಧ ಹೊತ್ತುಕೊಂಡು ಚಿಗವ್ವ ಕಾಕಾನ ಮನೆಗೆ ಹೋದಳು. ಅವರ ಅಡುಗೆಮನೆಯ ಗೋಡೆಗೆ ತಾನೇ ನಿಂತು ಬಡಿದು ಬಂದಳು. "ಬೇಲಿ ಮ್ಯಾಲಿಂದ ಮಾರಿ ಕೊಟ್ಟಿದ್ದೆ. ಬೀಜಾ ಬಾಗಲದಿಂದ ಕೊಡ್ತೀನಿ" ಎಂದಳಂತೆ. ಕಾಕಾ ಇದನ್ನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಆ ಓಣಿಯ ಹೆಣ್ಣುಮಗಳು ಹೆದರಿದಂತೆ ಮನೆಗೆ ಏನೂ ಕೆಟ್ಟದ್ದಾಗಲಿಲ್ಲ. ಹಾಗೆಂದು ರೋಗ ಸೋತು ಓಡಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಮಳೆ ಜಿಟಿಜಿಟಿ ಹಿಡಿದ ವರ್ಷ ಅದು ಬರುತ್ತದೆ. ಒಂದು ಸಲ ಗೆದ್ದರೆ ಮುಗಿಯಿತು ಎಂದು ಮೊದಲು ತಿಳಿದಿದ್ದೆ, ಮತ್ತೆ ಬಂದಾಗಲೆಲ್ಲ ಅಳು ಬರುತ್ತಿತ್ತು. ಇವತ್ತು ಬೆಳಿಗ್ಗೆ ಕಲೆ ಕಂಡಾಗ ಅಳು ಬರಲಿಲ್ಲ. ಎಲೆ ತಿರುವಿ ಅಡಿಗೆ ನೋಡಿದೆ, ಅಷ್ಟೇ. ಚಿಗವ್ವನಿಗೆ ಈಗ ಕೂತು ಏಳಲು ಆಗುವುದಿಲ್ಲ, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿರುತ್ತಾಳೆ.

"ಬಂತೇನೋ?" ಎಂದಳು.

"ಬಂತು ಚಿಗವ್ವ. ಕಾಕಾನ ಬಟಾಟಿಗೂ ಬಂದೈತಿ."

ಯಾರ ಕಡೆಯಿಂದ ಯಾರ ಕಡೆಗೆ ಬಂತು ಎಂದು ಅವಳು ಕೇಳಲಿಲ್ಲ, ಕಾಕಾನೂ ಕೇಳಲಿಲ್ಲ.

ನಿಮ್ಮ ಹಿತ್ತಲಿಗೂ ಇಂಥದ್ದು ಬಂದಿರಬೇಕು. ಏನು ಮಾಡಿದಿರಿ, ಏನು ಉಳಿಸಿಕೊಂಡಿರಿ, ಯಾವ ಬೀಜ ಕಳೆದುಕೊಂಡಿರಿ, ದಯವಿಟ್ಟು ಬರೆದು ತಿಳಿಸಿ. ನಾನು ಓದುವುದು ನಿಧಾನ, ಆದರೆ ಒಂದಕ್ಷರ ಬಿಡುವುದಿಲ್ಲ. ಈಗ ಇಲ್ಲಿಗೆ ನಿಲ್ಲಿಸುತ್ತೇನೆ. ಕಾಕಾ ಬೇಲಿಯ ಹತ್ತಿರ ನಿಂತು, "ಈ ಸಲಾ ಕುಣಿ ನಮ್ಮ ಹಿತ್ತಲದಾಗ ತೋಡೂಣು ಬಾರೋ, ಪಾಳಿ ನಮ್ಮದು" ಎಂದು ಕೂಗುತ್ತಿದ್ದಾರೆ.